ಪಾಸ್‌ವರ್ಡ್ ಸರಿಯಿದೆ, ಫಾರ್ಮ್ಯಾಟ್ ಬೇಡ



ಕಂಪ್ಯೂಟರ್ ಆನ್ ಮಾಡುತ್ತೀರಿ. ನಿಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿ ಪಾಸ್‌ವರ್ಡ್ ಕೊಡುತ್ತೀರಿ. ಪರದೆ ಒಂದು ಗಳಿಗೆ ಕಪ್ಪಾಗುತ್ತದೆ. ಇನ್ನೇನು ಡೆಸ್ಕ್‌ಟಾಪ್ ಬಂತು ಅನ್ನುವಷ್ಟರಲ್ಲಿ ಮತ್ತೆ ಅದೇ ಲಾಗಿನ್ ಪರದೆ, ಅದೇ ಹೆಸರು, ಪಾಸ್‌ವರ್ಡ್ ಕೇಳುವ ಅದೇ ಖಾಲಿ ಜಾಗ. ಇನ್ನೊಂದು ಸಲ ಕೊಡುತ್ತೀರಿ, ಮತ್ತೆ ಹಾಗೇ ಆಗುತ್ತದೆ. ಪಾಸ್‌ವರ್ಡ್ ತಪ್ಪು ಅಂತಲೂ ಹೇಳುವುದಿಲ್ಲ, ಒಳಗೂ ಬಿಡುವುದಿಲ್ಲ. ಲಿನಕ್ಸ್ ಹಾಕಿರುವ ಕಂಪ್ಯೂಟರುಗಳನ್ನು ಬಳಸುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ತಾಪತ್ರಯ ಇದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಶಾಲೆ ಲ್ಯಾಬುಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ ಕೂತು ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಇದರ ಬಗ್ಗೆ ಮಾತಾಡುತ್ತೇನೆ. ಒಂದು ಕಾಗದ, ಪೆನ್ನು ಹತ್ತಿರ ಇಟ್ಟುಕೊಂಡಿದ್ದರೆ ಒಳ್ಳೆಯದು. ನಡುವೆ ಕೆಲವು ಸಾಲು ಬರೆದುಕೊಳ್ಳುವುದಿದೆ.

ಈ ತೊಂದರೆಗೆ ನಮ್ಮ ಪೇಟೆಗಳಲ್ಲಿ ಸಿಗುವ ಮದ್ದು ಒಂದೇ. ಸಿಪಿಯು ಹೊತ್ತುಕೊಂಡು ಹೋದರೆ ಅಂಗಡಿಯ ಹುಡುಗ ಎರಡು ಸಲ ಆನ್ ಮಾಡಿ ನೋಡಿ, "ಓಎಸ್ ಕರಪ್ಟ್ ಆಗೈತೆ ಸಾರ್, ಫಾರ್ಮ್ಯಾಟ್ ಮಾಡ್ಬಿಡೋಣ" ಅನ್ನುತ್ತಾನೆ. "ನನ್ನ ಫೈಲುಗಳು?" ಅಂದರೆ, "ಬ್ಯಾಕಪ್ ಇಟ್ಟಿಲ್ವಾ?" ಅಂತ ತಿರುಗಿ ನಿಮ್ಮನ್ನೇ ಕೇಳುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಅವನು ಕಲಿತದ್ದು ವಿಂಡೋಸ್, ಅದರಲ್ಲಿ ಅವನಿಗೆ ರೂಢಿಯಾಗಿರುವುದು ಫಾರ್ಮ್ಯಾಟ್. ಆದರೆ ನಾನು ಒತ್ತಿ ಹೇಳುವ ಮಾತು ಇಷ್ಟೇ: ಪಾಸ್‌ವರ್ಡ್ ತಗೊಂಡು, ಪರದೆ ಕಪ್ಪಾಗಿ, ಹಿಂದಕ್ಕೆ ಬರುವ ಲಿನಕ್ಸ್ ಯಂತ್ರದಲ್ಲಿ ಬಹಳ ಸಲ ಕೆಟ್ಟಿರುವುದು ಓಎಸ್ ಅಲ್ಲ, ನಿಮ್ಮ ಫೈಲುಗಳೂ ಅಲ್ಲ. ಯಂತ್ರ ತನ್ನ ಅನುಕೂಲಕ್ಕೆ ಇಟ್ಟುಕೊಂಡ ಹಳೆಯ ಮಾಹಿತಿಯನ್ನೇ ಇನ್ನೂ ನಂಬಿಕೊಂಡು ಕೂತಿದೆ. ಅದನ್ನು ಪಕ್ಕಕ್ಕೆ ಸರಿಸಿದರೆ ಸಾಕು.

ನಮ್ಮ ಕಡೆ ಲಿನಕ್ಸ್ ಯಾರ ಹತ್ತಿರ ಇದೆ ಅಂತ ಕೇಳುವವರಿದ್ದಾರೆ. ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳನ್ನು ಕೇಳಿ ನೋಡಿ. 2011ರಲ್ಲಿ ಶುರುವಾದ ವಿಷಯ ಶಿಕ್ಷಕರ ವೇದಿಕೆಯಲ್ಲಿ, ಆಮೇಲೆ ಬಂದ ಟಾಲ್ಪ್ ಅನ್ನುವ ಕಂಪ್ಯೂಟರ್ ತರಬೇತಿಯಲ್ಲಿ ಗಣಿತ, ವಿಜ್ಞಾನ, ಸಮಾಜದ ಶಿಕ್ಷಕರು ಕೂತು ಕಲಿತದ್ದು ಉಬುಂಟು ಅನ್ನುವ ಲಿನಕ್ಸ್ ಮೇಲೆಯೇ. ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆದವರು, ಲಿಬ್ರೆ ಆಫೀಸಿನಲ್ಲಿ ಅಂಕಪಟ್ಟಿ ಮಾಡಿದವರು ನಮ್ಮ ನಾಲ್ಕೂ ತಾಲ್ಲೂಕಿನಲ್ಲಿದ್ದಾರೆ. ಎಚ್.ಡಿ. ಕೋಟೆಯಿಂದ ಕಾಡಿನ ದಾರಿ ಹಿಡಿದು ಬಾವಲಿ ದಾಟಿದರೆ ವಯನಾಡು. ಆ ಕಡೆ ಇದು ಇನ್ನೂ ಹೆಚ್ಚು. 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾಗಿ 2017ರಲ್ಲಿ ಕೈಟ್ ಅಂತ ಹೆಸರು ಬದಲಿಸಿಕೊಂಡ ಕೇರಳದ ಸಂಸ್ಥೆ, ಉಬುಂಟು ಆಧರಿಸಿದ ತನ್ನದೇ ಲಿನಕ್ಸನ್ನು ಸರ್ಕಾರಿ ಶಾಲೆಗಳಿಗೆಲ್ಲ ಕೊಟ್ಟಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಅದರಲ್ಲೇ. ಇನ್ನು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ, ವಿಂಡೋಸ್ 11 ಹಾಕಲಾಗದ ಹಳೆಯ ಯಂತ್ರಗಳಿಗೆ ಲಿನಕ್ಸ್ ಮಿಂಟೋ ಉಬುಂಟುವೋ ಹಾಕಿಸಿಕೊಳ್ಳುವವರು ಹೆಚ್ಚಾಗಿದ್ದಾರೆ. ನಾಲ್ಕು ಜಿಬಿ ರ್‍ಯಾಮಿನ ಅಂಥ ಯಂತ್ರಕ್ಕೂ ಅದರಿಂದ ಇನ್ನೂ ಕೆಲವು ವರ್ಷ ಆಯಸ್ಸು ಸಿಗುತ್ತದೆ.

ಈಗ ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ನೀವು ಪಾಸ್‌ವರ್ಡ್ ಕೊಟ್ಟಾಗ ಲಾಗಿನ್ ಪರದೆಯ ಪ್ರೋಗ್ರಾಮು ಅದನ್ನು ತಾಳೆ ನೋಡುತ್ತದೆ. ಉಬುಂಟುವಿನಲ್ಲಿ ಆ ಪ್ರೋಗ್ರಾಮಿನ ಹೆಸರು ಜಿಡಿಎಂ, ಮಿಂಟ್‌ನಲ್ಲಿ ಲೈಟ್‌ಡಿಎಂ, ಕೆಡಿಇ ಪ್ಲಾಸ್ಮಾ ಅನ್ನುವ ಡೆಸ್ಕ್‌ಟಾಪ್ ಇರುವ ಕಡೆ ಸಾಮಾನ್ಯವಾಗಿ ಎಸ್‌ಡಿಡಿಎಂ. ತಾಳೆಯಾದರೆ ಅದು ನಿಮ್ಮ ಹೆಸರಿನಲ್ಲಿ ಡೆಸ್ಕ್‌ಟಾಪನ್ನು ಎಬ್ಬಿಸುತ್ತದೆ. ಪಾಸ್‌ವರ್ಡಿನ ಪಾಲು ಅಲ್ಲಿಗೆ ಮುಗಿಯಿತು. ಡೆಸ್ಕ್‌ಟಾಪ್ ಎದ್ದ ಕೂಡಲೇ ನಿಮ್ಮ ಹೋಮ್ ಫೋಲ್ಡರಿಗೆ ಬಂದು ತನ್ನ ಹಳೆಯ ಟಿಪ್ಪಣಿಗಳನ್ನೆಲ್ಲ ತೆರೆಯುತ್ತದೆ. ಅದರಲ್ಲೊಂದು ಎಡವಿತು ಅಂದರೆ ಡೆಸ್ಕ್‌ಟಾಪ್ ಸಾಯುತ್ತದೆ, ಲಾಗಿನ್ ಪ್ರೋಗ್ರಾಮು ಏನೂ ಆಗದವರ ಹಾಗೆ ಮೊದಲಿನ ಪರದೆ ತಂದು ನಿಲ್ಲಿಸುತ್ತದೆ. ಆದ್ದರಿಂದ ಪಾಸ್‌ವರ್ಡ್ ತಪ್ಪಾದಾಗ ಬರುವ ತೊಂದರೆ ಬೇರೆ, ಇದು ಬೇರೆ. ಪಾಸ್‌ವರ್ಡ್ ತಪ್ಪಾದರೆ ಪರದೆ ಕಪ್ಪಾಗುವುದೇ ಇಲ್ಲ, ಅಲ್ಲೇ ಕೆಂಪಗೆ ಹೇಳುತ್ತದೆ ಇಲ್ಲವೇ ಡಬ್ಬಿ ಅಲುಗಾಡುತ್ತದೆ.

ಪಾಸ್‌ವರ್ಡ್ ತಪ್ಪು ಅಂತ ನಿಜವಾಗಿಯೂ ಬರುತ್ತಿದ್ದರೆ, ನಮ್ಮ ಕಡೆಯವರು ಮೊದಲು ನೋಡಬೇಕಾದದ್ದು ಕೀಲಿಮಣೆಯ ಭಾಷೆ. ಕನ್ನಡ ಟೈಪ್ ಮಾಡಲು ಕ.ಗ.ಪ. ವಿನ್ಯಾಸ ಹಾಕಿಕೊಂಡಿರುತ್ತೀರಿ. ಲಾಗಿನ್ ಪರದೆಯಲ್ಲೂ ಅದೇ ಉಳಿದುಕೊಂಡಿದ್ದರೆ ನೀವು ಒತ್ತುವ ಇಂಗ್ಲಿಷ್ ಅಕ್ಷರ ಕನ್ನಡವಾಗಿ ಹೋಗುತ್ತದೆ, ಚುಕ್ಕೆಗಳ ಮರೆಯಲ್ಲಿ ಅದು ಕಾಣುವುದೂ ಇಲ್ಲ. ಪರದೆಯ ಮೂಲೆಯಲ್ಲಿ ಕನ್ನಡದ ಗುರುತು ಇದೆಯೋ ಇಂಗ್ಲಿಷಿನದೋ ನೋಡಿ ಬದಲಿಸಿ. ಇದನ್ನು ಇಲ್ಲಿಗೇ ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಆ ಹಳೆಯ ಟಿಪ್ಪಣಿಗಳಿಗೆ ಕಂಪ್ಯೂಟರಿನವರು ಕ್ಯಾಶ್ ಅನ್ನುತ್ತಾರೆ. ರೈತರಿಗೆ ಇದು ಹೊಸ ವಿಷಯವೇನಲ್ಲ. ನಿಮ್ಮ ಜಮೀನಿನ ಪಹಣಿಯ ಮೂಲ ದಾಖಲೆ ಇರುವುದು ಭೂಮಿ ತಂತ್ರಾಂಶದಲ್ಲಿ. ಪ್ರತಿ ಸಲ ತಾಲ್ಲೂಕು ಕಚೇರಿಗೆ ಅಲೆಯುವುದು ಯಾಕೆ ಅಂತ ಒಂದು ಝೆರಾಕ್ಸ್ ಮಾಡಿಸಿ ಮನೆಯ ಬೀರುವಿನಲ್ಲಿಟ್ಟಿರುತ್ತೀರಿ. ಸಾಲಕ್ಕೆ, ಸಬ್ಸಿಡಿಗೆ, ಎಲ್ಲದಕ್ಕೂ ಅದನ್ನೇ ಹಿಡಿದು ಓಡಾಡುತ್ತೀರಿ. ಈ ನಡುವೆ ಅಣ್ಣತಮ್ಮಂದಿರ ಭಾಗವಾಗಿ ಖಾತೆ ಬದಲಾಯಿತು ಅನ್ನಿ. ಝೆರಾಕ್ಸ್ ಬದಲಾಗುವುದಿಲ್ಲವಲ್ಲ. ಬ್ಯಾಂಕಿಗೆ ಅದನ್ನೇ ಕೊಟ್ಟರೆ ಅವರು ವಾಪಸ್ ಕಳಿಸುತ್ತಾರೆ. ಅದಕ್ಕಾಗಿ ಯಾರೂ ಜಮೀನು ಮಾರಿ ಹೊಸ ಜಮೀನು ಕೊಳ್ಳುವುದಿಲ್ಲ. ಹಳೆಯ ಝೆರಾಕ್ಸ್ ಹರಿದು ಹಾಕಿ ಹೊಸ ಪಹಣಿ ತೆಗೆಸುತ್ತಾರೆ. ಕ್ಯಾಶ್ ಅಂದರೆ ಆ ಝೆರಾಕ್ಸ್. ಹರಿದರೆ ನಷ್ಟವಿಲ್ಲ, ಮೂಲದಿಂದ ಇನ್ನೊಂದು ತಯಾರಾಗುತ್ತದೆ.

ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವವರು ಈ ಭೇದವನ್ನು ಎರಡು ದಶಕಕ್ಕೂ ಹಿಂದೆಯೇ ಒಪ್ಪಂದ ಮಾಡಿಕೊಂಡು ಫೋಲ್ಡರುಗಳಲ್ಲೇ ಬೇರೆ ಮಾಡಿ ಇಟ್ಟಿದ್ದಾರೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಹೆಸರಿನ ಮುಂದೆ ಒಂದು ಚುಕ್ಕೆ ಇರುವ ಫೋಲ್ಡರುಗಳಿವೆ. ಚುಕ್ಕೆ ಇರುವುದರಿಂದ ಅವು ಸಾಮಾನ್ಯವಾಗಿ ಕಾಣುವುದಿಲ್ಲ. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಹಿಡಿದು ಎಚ್ ಒತ್ತಿದರೆ ಕಾಣುತ್ತವೆ. ಅದರಲ್ಲಿ ಡಾಟ್ ಕ್ಯಾಶ್ ಅನ್ನುವುದು ಕಳೆದುಕೊಂಡರೂ ಆದೀತು ಅನ್ನುವ ವಸ್ತು ಇಡುವ ಜಾಗ. ಫೋಟೋಗಳ ಸಣ್ಣ ಚಿತ್ರಗಳು, ಬ್ರೌಸರು ಇಳಿಸಿಟ್ಟ ಪುಟದ ತುಣುಕುಗಳು, ಫಾಂಟುಗಳ ಪಟ್ಟಿ, ಗ್ರಾಫಿಕ್ಸಿಗೆ ಬೇಕಾದ ಸಿದ್ಧ ತುಂಡುಗಳು ಎಲ್ಲ ಅಲ್ಲಿರುತ್ತವೆ. ಡಾಟ್ ಕಾನ್ಫಿಗ್ ಅನ್ನುವುದು ನಿಮ್ಮ ಆಯ್ಕೆಗಳು, ಸೆಟ್ಟಿಂಗುಗಳು. ಡಾಟ್ ಲೋಕಲ್ ಒಳಗಿನ ಶೇರ್ ಅನ್ನುವುದು ಪ್ರೋಗ್ರಾಮುಗಳು ನಿಮಗಾಗಿ ಕಾಪಾಡುವ ಅಸಲಿ ಮಾಹಿತಿ. ಮೊದಲನೆಯದನ್ನು ಧೈರ್ಯವಾಗಿ ಮುಟ್ಟಬಹುದು. ಉಳಿದೆರಡರ ಹತ್ತಿರ ಹೋಗುವಾಗ ಯೋಚನೆ ಮಾಡಬೇಕು.

ಈ ಝೆರಾಕ್ಸ್ ಹಳತಾಗುವುದು ಹೇಗೆ? ನಾಲ್ಕು ದಾರಿ ನಮ್ಮ ಕಡೆ ಸಾಮಾನ್ಯ.

ಅಪ್‌ಡೇಟ್ ಒಂದು. ಉಬುಂಟು 22.04ರಿಂದ 24.04ಕ್ಕೆ ಏರಿಸುತ್ತೀರಿ. ಪ್ರೋಗ್ರಾಮು ಹೊಸದು, ಹೋಮ್ ಫೋಲ್ಡರಿನಲ್ಲಿರುವ ಕ್ಯಾಶ್ ಹಳೆಯ ಪ್ರೋಗ್ರಾಮು ಬರೆದಿಟ್ಟದ್ದು. ಒಳ್ಳೆಯ ಪ್ರೋಗ್ರಾಮು ಇದು ನನ್ನ ಕಾಲದ್ದಲ್ಲ ಅಂತ ತಿಳಿದು ಬದಿಗಿಡುತ್ತದೆ. ಎಲ್ಲವೂ ಹಾಗಲ್ಲ. ಕೆಡಿಇ ಪ್ಲಾಸ್ಮಾ ತನ್ನ ಪರದೆಯ ಭಾಗಗಳನ್ನು ಅರ್ಧ ಬೇಯಿಸಿ ಕ್ಯಾಶಿನಲ್ಲಿ ಇಡುತ್ತದೆ. ಅದರ ಕೆಳಗಿನ ಕ್ಯೂಟಿ ತಂತ್ರಾಂಶ ಬದಲಾದ ಮೇಲೆ ಹಳೆಯದನ್ನೇ ಓದಿ ಕಪ್ಪು ಪರದೆ ತೋರಿಸಿದ್ದು ಹಲವು ಸಲ ಆಗಿದೆ. ಇದೇ ಕಾಯಿಲೆಯ ಇನ್ನೊಂದು ರೂಪ, ಓಎಸ್ ಹೊಸದಾಗಿ ಹಾಕಿ ಹೋಮ್ ಭಾಗವನ್ನು ಮಾತ್ರ ಹಳೆಯದೇ ಉಳಿಸಿಕೊಳ್ಳುವುದು. ಹೊಸ ಯಂತ್ರಕ್ಕೆ ಹಳೆಯ ಹೋಮ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡುವವರೂ ಚುಕ್ಕೆ ಫೋಲ್ಡರುಗಳ ಸಮೇತ ತಂದು ಹಾಕಿ ಈ ತಲೆನೋವನ್ನು ಜೊತೆಗೇ ತರುತ್ತಾರೆ.

ಕರೆಂಟು ಇನ್ನೊಂದು. ಮಳೆಗಾಲದಲ್ಲಿ ಎಚ್.ಡಿ. ಕೋಟೆ, ಸರಗೂರು ಕಡೆ ಗಾಳಿಗೆ ಒಂದು ಕೊಂಬೆ ಬಿದ್ದರೆ ಸಾಕು, ಲೈನು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಲಿನಕ್ಸ್ ಪ್ರತಿಯೊಂದು ಅಕ್ಷರವನ್ನೂ ಆ ಕ್ಷಣವೇ ಡಿಸ್ಕಿಗೆ ಬರೆಯುವುದಿಲ್ಲ. ಸ್ವಲ್ಪ ಹೊತ್ತು, ಅರ್ಧ ನಿಮಿಷದವರೆಗೂ, ರ್‍ಯಾಮಿನಲ್ಲೇ ಇಟ್ಟುಕೊಂಡು ಆಮೇಲೆ ಇಳಿಸುತ್ತದೆ. ಆ ಅರ್ಧ ನಿಮಿಷದಲ್ಲಿ ಕರೆಂಟು ಹೋದರೆ ಫೈಲಿನ ಹೆಸರು ಉಳಿದು ಒಳಗೆ ಏನೂ ಇಲ್ಲದಿರಬಹುದು, ಅಂದರೆ ಸೊನ್ನೆ ಬೈಟು. ಮಾರನೆಯ ದಿನ ಡೆಸ್ಕ್‌ಟಾಪ್ ಆ ಖಾಲಿ ಫೈಲನ್ನು ತೆರೆದು ಮುಗ್ಗರಿಸುತ್ತದೆ.

ಮೂರನೆಯದು ಸೂಡೋ. ಯಾರೋ ಹೇಳಿದರು ಅಂತ ಟರ್ಮಿನಲ್ಲಿನಲ್ಲಿ ಸೂಡೋ ಹಾಕಿ ಎಡಿಟರನ್ನೋ ಫೈಲ್ ಮ್ಯಾನೇಜರನ್ನೋ ತೆರೆಯುತ್ತೀರಿ. ಅದು ರೂಟ್ ಅನ್ನುವ ಯಜಮಾನನ ಹೆಸರಿನಲ್ಲಿ ಓಡುತ್ತದೆ, ಆದರೆ ತನ್ನ ಟಿಪ್ಪಣಿಯನ್ನು ಕೆಲವು ಸಲ ನಿಮ್ಮ ಹೋಮ್ ಫೋಲ್ಡರಿನಲ್ಲೇ ಬರೆದುಬಿಡುತ್ತದೆ. ಮುಂದಿನ ಸಲ ನೀವು ಲಾಗಿನ್ ಆದಾಗ ನಿಮ್ಮ ಮನೆಯ ಫೈಲಿಗೆ ನಿಮಗೇ ಹಕ್ಕಿಲ್ಲ.

ನಾಲ್ಕನೆಯದು ಲ್ಯಾಬುಗಳಿಗೆ ಸೇರಿದ್ದು, ಇದರ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ. ಒಂದು ಕಂಪ್ಯೂಟರ್ ಸಿದ್ಧ ಮಾಡಿ, ಅದರ ಡಿಸ್ಕನ್ನೇ ಉಳಿದ ಒಂಬತ್ತಕ್ಕೆ ನಕಲು ಮಾಡುತ್ತಾರೆ. ಹತ್ತು ಯಂತ್ರಕ್ಕೂ ಒಂದೇ ಹೆಸರು. ಆಮೇಲೆ ಗುರುತಿಗೆ ಅಂತ ಲ್ಯಾಬ್ ಒಂದು, ಲ್ಯಾಬ್ ಎರಡು ಅಂತ ಹೆಸರು ಬದಲಿಸುತ್ತಾರೆ. ಲೈಟ್‌ಡಿಎಂ ಇರುವ ಕಡೆ, ಯಾರು ಪರದೆಯ ಮೇಲೆ ಬರೆಯಬಹುದು ಅನ್ನುವ ಗುಟ್ಟಿನ ಚೀಟಿ ಹೋಮ್ ಫೋಲ್ಡರಿನ ಡಾಟ್ ಎಕ್ಸ್ ಅಥಾರಿಟಿ ಅನ್ನುವ ಫೈಲಿನಲ್ಲಿರುತ್ತದೆ. ಆ ಚೀಟಿಯಲ್ಲಿ ಯಂತ್ರದ ಹೆಸರೂ ಬರೆದಿರುತ್ತದೆ. ಹೆಸರು ಬದಲಾಗಿ ಚೀಟಿ ಹಳತಾಗಿಯೇ ಉಳಿದರೆ ತಕರಾರು ಶುರು. ಕ್ರೋಮ್ ಬ್ರೌಸರು ಕೂಡ ಹೀಗೆಯೇ. ಯಂತ್ರದ ಹೆಸರು ಬದಲಿಸಿದ ಮೇಲೆ, ನಿಮ್ಮ ಪ್ರೊಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ಯಾರೋ ಬಳಸುತ್ತಿದ್ದಾರೆ ಅಂತ ಹಟ ಹಿಡಿದು ಕೂರುತ್ತದೆ. ಬಳಸುತ್ತಿರುವವರು ಯಾರೂ ಇಲ್ಲ, ಹಳೆಯ ಹೆಸರಿನ ಬೀಗವೊಂದು ಉಳಿದಿದೆ ಅಷ್ಟೇ.

ಸರಿ, ಈಗ ಕೈಗೆ ಕೆಲಸ. ಪೆನ್ನು ತೆಗೆದುಕೊಳ್ಳಿ. ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಹೇಳುತ್ತೇನೆ. ನಾನು ಬೇರೆಯಾಗಿ ಹೇಳದಿದ್ದರೆ ಎಲ್ಲವೂ ಸಣ್ಣ ಅಕ್ಷರ.

ಲಾಗಿನ್ ಪರದೆ ಮುಂದಿರುವಾಗ ಕಂಟ್ರೋಲ್, ಆಲ್ಟ್, ಎಫ್ ಮೂರು, ಮೂರನ್ನೂ ಒಟ್ಟಿಗೆ ಒತ್ತಿ. ಲ್ಯಾಪ್‌ಟಾಪ್ ಆದರೆ ಎಫ್‌ಎನ್ ಕೀಲಿಯನ್ನೂ ಸೇರಿಸಬೇಕಾದೀತು. ಚಿತ್ರಗಳೆಲ್ಲ ಮಾಯವಾಗಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಲಾಗಿನ್ ಅಂತ ಬರುತ್ತದೆ. ಹೆದರಬೇಡಿ, ಯಂತ್ರ ಕೆಟ್ಟಿಲ್ಲ. ಇದು ಅದೇ ಕಂಪ್ಯೂಟರಿನ ಇನ್ನೊಂದು ಮುಖ. ನಿಮ್ಮ ಹೆಸರು ಕೊಟ್ಟು ಎಂಟರ್ ಒತ್ತಿ. ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ ಬಹಳ ಜನ ನಿಂತುಬಿಡುತ್ತಾರೆ, ಯಾಕೆಂದರೆ ಟೈಪ್ ಮಾಡಿದರೆ ಚುಕ್ಕೆಯೂ ಬರುವುದಿಲ್ಲ, ನಕ್ಷತ್ರವೂ ಬರುವುದಿಲ್ಲ, ಕರ್ಸರ್ ಅಲುಗುವುದೂ ಇಲ್ಲ. ಕೀಲಿಮಣೆ ಸತ್ತಿದೆ ಅಂದುಕೊಳ್ಳುತ್ತಾರೆ. ಸತ್ತಿಲ್ಲ. ಕುರುಡಾಗಿ ಟೈಪ್ ಮಾಡಿ ಎಂಟರ್ ಒತ್ತಿ. ಪಾಸ್‌ವರ್ಡಿನಲ್ಲಿ ಅಂಕಿಗಳಿದ್ದರೆ ಮೇಲಿನ ಸಾಲಿನ ಅಂಕಿಗಳನ್ನೇ ಬಳಸಿ. ಬಲಗಡೆಯ ಅಂಕಿಗಳಿಗೆ ನಮ್ ಲಾಕ್ ಇಲ್ಲಿ ಆರಿರಬಹುದು.

ಇಲ್ಲಿ ಒಳಗೆ ಬಂದಿರಿ ಅಂದರೆ ಅರ್ಧ ರೋಗ ನಿರ್ಣಯವಾಯಿತು. ಪಾಸ್‌ವರ್ಡ್ ಸರಿ, ಡಿಸ್ಕ್ ಬದುಕಿದೆ, ನಿಮ್ಮ ಫೈಲುಗಳಿವೆ. ಎಲ್ ಎಸ್ ಅಂತ ಹೊಡೆದು ಎಂಟರ್ ಒತ್ತಿದರೆ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳ ಹೆಸರು ಕಣ್ಣಿಗೆ ಬೀಳುತ್ತವೆ. ಫಾರ್ಮ್ಯಾಟ್ ಅನ್ನುವವರಿಗೆ ಮೊದಲು ಇದನ್ನು ತೋರಿಸಿ.

ಮೊದಲ ಆಜ್ಞೆ: ಡಿ, ಎಫ್, ಜಾಗ, ಹೈಫನ್, ಎಚ್. ಎಂಟರ್. ಒಂದು ಪಟ್ಟಿ ಬರುತ್ತದೆ. ಕೊನೆಯ ಕಾಲಮಿನಲ್ಲಿ ಒಂದೇ ಒಂದು ಓರೆ ಗೆರೆ ಇರುವ ಸಾಲು ನೋಡಿ, ಹೋಮ್ ಅಂತ ಬೇರೆ ಸಾಲಿದ್ದರೆ ಅದನ್ನೂ ನೋಡಿ. ಅದರ ಪಕ್ಕದಲ್ಲಿ ನೂರು ಪರ್ಸೆಂಟ್ ಅಂತ ಇದ್ದರೆ ಡಿಸ್ಕ್ ತುಂಬಿದೆ. ಡೆಸ್ಕ್‌ಟಾಪ್ ಏಳುವಾಗ ನಾಲ್ಕಾರು ಸಣ್ಣ ಫೈಲು ಬರೆಯಲೇಬೇಕು, ಜಾಗವಿಲ್ಲದಿದ್ದರೆ ಬಿದ್ದುಹೋಗುತ್ತದೆ. ಇದೂ ಕ್ಯಾಶಿನ ಕಥೆಯೇ, ಹಳಸಿದ್ದು ಅನ್ನುವುದಕ್ಕಿಂತ ಗುಡ್ಡೆ ಬಿದ್ದದ್ದು ಅನ್ನಬೇಕು. ಆಗ ಸೂಡೋ, ಜಾಗ, ಎ ಪಿ ಟಿ, ಜಾಗ, ಸಿ ಎಲ್ ಇ ಎ ಎನ್ ಅಂತ ಹೊಡೆಯಿರಿ. ಸೂಡೋ ಅಂದರೆ ಎಸ್ ಯು ಡಿ ಓ. ಅಪ್‌ಡೇಟಿಗಾಗಿ ಇಳಿಸಿಟ್ಟ ಹಳೆಯ ಪೊಟ್ಟಣಗಳೆಲ್ಲ ಹೋಗಿ ಎಷ್ಟೋ ಸಲ ಒಂದೆರಡು ಜಿಬಿ ಖಾಲಿಯಾಗುತ್ತದೆ. ಡಿಸ್ಕ್ ತುಂಬಿರುವಾಗಲೂ ಸೂಡೋ ಹೇಗೆ ಕೆಲಸ ಮಾಡುತ್ತದೆ ಅಂದರೆ, ಇಎಕ್ಸ್‌ಟಿ ನಾಲ್ಕು ಅನ್ನುವ ಲಿನಕ್ಸಿನ ಡಿಸ್ಕ್ ವ್ಯವಸ್ಥೆ ಸಾಮಾನ್ಯವಾಗಿ ನೂರಕ್ಕೆ 5 ಪಾಲು ಜಾಗವನ್ನು ರೂಟಿಗೆ ಅಂತಲೇ ಮೀಸಲಿಟ್ಟಿರುತ್ತದೆ. ನಿಮಗೆ ತುಂಬಿದ ಡಿಸ್ಕು ರೂಟಿಗೆ ಇನ್ನೂ ತುಂಬಿರುವುದಿಲ್ಲ.

ಎರಡನೆಯದು: ಎಲ್ ಎಸ್, ಜಾಗ, ಹೈಫನ್, ಎಲ್ ಎ. ಎಂಟರ್. ಚುಕ್ಕೆ ಫೋಲ್ಡರುಗಳೂ ಸೇರಿ ಉದ್ದ ಪಟ್ಟಿ ಬರುತ್ತದೆ. ಪ್ರತಿ ಸಾಲಿನಲ್ಲೂ ಎರಡು ಹೆಸರಿರುತ್ತವೆ, ನಿಮ್ಮ ಹೆಸರೇ ಎರಡು ಸಲ. ಡಾಟ್ ಕ್ಯಾಶ್, ಡಾಟ್ ಎಕ್ಸ್ ಅಥಾರಿಟಿ ಇವುಗಳಲ್ಲಿ ಯಾವುದರ ಎದುರಾದರೂ ನಿಮ್ಮ ಹೆಸರಿನ ಬದಲು ರೂಟ್ ಅಂತ ಇದ್ದರೆ ಕಳ್ಳ ಸಿಕ್ಕಿದ.  ಹೆಸರಿನ ಜಾಗದಲ್ಲಿ ಎರಡು ಚುಕ್ಕೆ ಮಾತ್ರ ಇರುವ ಸಾಲಿನಲ್ಲಿ ರೂಟ್ ಇರುವುದು ಸರಿಯೇ.

ಮೂರನೆಯದು ಅಸಲಿ ಮದ್ದು. ಎಂ ವಿ, ಜಾಗ, ಚುಕ್ಕೆ ಸಿ ಎ ಸಿ ಎಚ್ ಇ, ಜಾಗ, ಚುಕ್ಕೆ ಸಿ ಎ ಸಿ ಎಚ್ ಇ ಹೈಫನ್ ಎಚ್ ಎ ಎಲ್ ಇ. ಎಂಟರ್. ಡಾಟ್ ಕ್ಯಾಶ್ ಅನ್ನುವ ಫೋಲ್ಡರಿಗೆ ಡಾಟ್ ಕ್ಯಾಶ್ ಹಳೆ ಅಂತ ಹೆಸರು ಬದಲಾಯಿತು. ಏನನ್ನೂ ಅಳಿಸಿಲ್ಲ, ಗಮನಿಸಿ. ಬೇಕೆಂದರೆ ಹಿಂದಿನ ಹೆಸರನ್ನೇ ಮತ್ತೆ ಕೊಡಬಹುದು. ಆಜ್ಞೆ ಕೊಟ್ಟ ಮೇಲೆ ಯಂತ್ರ ಏನೂ ಹೇಳುವುದಿಲ್ಲ, ಸುಮ್ಮನೆ ಮುಂದಿನ ಸಾಲಿಗೆ ಬರುತ್ತದೆ. ಲಿನಕ್ಸಿನಲ್ಲಿ ಸುಮ್ಮನಿದ್ದರೆ ಕೆಲಸವಾಯಿತು ಅಂತ ಅರ್ಥ. ಆ ಫೋಲ್ಡರು ರೂಟಿನ ಹೆಸರಿನಲ್ಲಿದ್ದರೂ ಈ ಆಜ್ಞೆ ನಡೆಯುತ್ತದೆ, ಹೋಮ್ ಫೋಲ್ಡರು ನಿಮ್ಮದೇ ಆದ್ದರಿಂದ ಅದರೊಳಗಿನ ಹೆಸರು ಬದಲಿಸುವ ಹಕ್ಕು ನಿಮಗಿದೆ. ಹಾಗಾಗಿ ಇದೊಂದೇ ಸಾಲು ಹಳಸಿದ ಕ್ಯಾಶಿಗೂ ಸರಿ, ರೂಟ್ ಹಿಡಿದು ಕೂತ ಕ್ಯಾಶಿಗೂ ಸರಿ. ಡಿಸ್ಕ್ ತುಂಬಿದ್ದಾಗ ಮಾತ್ರ ಹೆಸರು ಬದಲಿಸಿ ಲಾಭವಿಲ್ಲ, ಜಾಗ ಅಷ್ಟೇ ಇರುತ್ತದೆ, ಆಗ ಅಳಿಸಲೇಬೇಕು.

ನಾಲ್ಕನೆಯದು ಹಾಗೆಯೇ, ಎಕ್ಸ್ ಅಥಾರಿಟಿಗೆ. ಎಂ ವಿ, ಜಾಗ, ಚುಕ್ಕೆ, ದೊಡ್ಡ ಎಕ್ಸ್, ಆಮೇಲೆ ಸಣ್ಣ ಅಕ್ಷರದಲ್ಲಿ ಎ ಯು ಟಿ ಎಚ್ ಓ ಆರ್ ಐ ಟಿ ವೈ, ಜಾಗ, ಎಕ್ಸ್ ಹೈಫನ್ ಎಚ್ ಎ ಎಲ್ ಇ. ಅಂಥ ಫೈಲೇ ಇಲ್ಲ ಅಂದರೆ ಬಿಡಿ. ಈಗಿನ ಉಬುಂಟುವಿನಲ್ಲಿ ಅದು ಬೇರೆ ಕಡೆ ತಾನಾಗಿ ಹುಟ್ಟಿ ತಾನಾಗಿ ಅಳಿಯುತ್ತದೆ. ಕೊನೆಗೆ ಸೂಡೋ, ಜಾಗ, ಆರ್ ಇ ಬಿ ಓ ಓ ಟಿ. ಯಂತ್ರ ಮರಳಿ ಶುರುವಾಗುತ್ತದೆ.

ಮೊದಲ ಸಲ ಡೆಸ್ಕ್‌ಟಾಪ್ ಬರುವುದು ಸ್ವಲ್ಪ ನಿಧಾನ. ಹೊಸ ಕ್ಯಾಶ್ ಕಟ್ಟುತ್ತಿರುತ್ತದೆ. ಫೋಟೋಗಳ ಫೋಲ್ಡರು ತೆರೆದರೆ ಚಿತ್ರಗಳು ಒಂದೊಂದಾಗಿ ಮೂಡುತ್ತವೆ. ಎರಡನೆಯ ಸಲಕ್ಕೆ ಎಲ್ಲ ಮೊದಲಿನಂತೆ.

ಇಷ್ಟಾದರೂ ಒಳಗೆ ಬಿಡದಿದ್ದರೆ ಒಂದು ಪರೀಕ್ಷೆ ಇದೆ, ನನ್ನ ಪ್ರಕಾರ ಇದಕ್ಕಿಂತ ಬೆಲೆಬಾಳುವ ಪರೀಕ್ಷೆ ಇನ್ನೊಂದಿಲ್ಲ. ಅದೇ ಕಪ್ಪು ಪರದೆಯಲ್ಲಿ ಸೂಡೋ, ಜಾಗ, ಎ ಡಿ ಡಿ ಯು ಎಸ್ ಇ ಆರ್, ಜಾಗ, ಒಂದು ಹೊಸ ಹೆಸರು, ಟಿ ಇ ಎಸ್ ಟಿ ಅಂತಲೇ ಇಡಿ. ಪಾಸ್‌ವರ್ಡ್ ಕೇಳಿದರೆ ಕೊಡಿ, ಉಳಿದ ಪ್ರಶ್ನೆಗಳಿಗೆ ಎಂಟರ್ ಒತ್ತುತ್ತಾ ಹೋಗಿ. ಈಗ ಮೊದಲಿನ ಹಾಗೆಯೇ ಯಂತ್ರವನ್ನು ಮರಳಿ ಶುರು ಮಾಡಿ, ಚಿತ್ರದ ಲಾಗಿನ್ ಪರದೆಯಲ್ಲಿ ಆ ಹೊಸ ಹೆಸರಿನಿಂದ ಲಾಗಿನ್ ಆಗಿ. ಅದು ಒಳಗೆ ಬಿಟ್ಟರೆ ಓಎಸ್ ಚೆನ್ನಾಗಿದೆ, ತೊಂದರೆ ನಿಮ್ಮ ಹೋಮ್ ಫೋಲ್ಡರಿನದು, ಬಹುಶಃ ಡಾಟ್ ಕಾನ್ಫಿಗ್ ಒಳಗೆ. ಅದೂ ಬಿಡದಿದ್ದರೆ ಕಾಯಿಲೆ ಹೊರಗಿನದು: ಗ್ರಾಫಿಕ್ಸ್ ಡ್ರೈವರು, ಅರ್ಧಕ್ಕೆ ನಿಂತ ಅಪ್‌ಡೇಟು, ಇಂಥವು. ಅದು ಇವತ್ತಿನ ವಿಷಯವಲ್ಲ. ಲಾಗಿನ್ ಪರದೆಯ ಮೂಲೆಯಲ್ಲಿ ಹಲ್ಲಿನ ಚಕ್ರದ ಗುರುತಿದ್ದರೆ ಅದನ್ನೊತ್ತಿ, ಪಟ್ಟಿಯಲ್ಲಿದ್ದರೆ, ಪರದೆ ಮೂಡಿಸುವ ವ್ಯವಸ್ಥೆಯಾಗಿ ವೇಲ್ಯಾಂಡ್ ಬದಲು ಎಕ್ಸ್ ಆರ್ಗ್ ಆರಿಸಿ ನೋಡುವುದೊಂದು ಉಳಿದಿರುವ ಸುಲಭದ ಪ್ರಯತ್ನ.

ಡಾಟ್ ಕಾನ್ಫಿಗ್ ಮೇಲೆ ಅನುಮಾನ ಬಂದರೆ ಅದನ್ನೂ ಹೆಸರು ಬದಲಿಸಿ ನೋಡಬಹುದು, ಅಳಿಸಬೇಡಿ. ಕ್ರೋಮಿನ ಬುಕ್‌ಮಾರ್ಕು, ಡೆಸ್ಕ್‌ಟಾಪಿನ ಏರ್ಪಾಟು, ಲಿಬ್ರೆ ಆಫೀಸಿಗೆ ನೀವು ಕಲಿಸಿದ ಪದಗಳು ಎಲ್ಲ ಅದರೊಳಗಿವೆ. ಡಾಟ್ ಲೋಕಲ್ ಶೇರ್ ಒಳಗೆ ಕೀರಿಂಗ್ಸ್ ಅಂತ ಒಂದು ಫೋಲ್ಡರಿದೆ, ಅಲ್ಲಿ ನೀವು ಉಳಿಸಿಟ್ಟ ಮೇಲ್ ಮುಂತಾದ ಪಾಸ್‌ವರ್ಡುಗಳು ಬೀಗ ಹಾಕಿಕೊಂಡು ಕೂತಿರುತ್ತವೆ. ಪಾಸ್‌ವರ್ಡ್ ಮರೆತು ಬೇರೊಬ್ಬರಿಂದ ಬದಲಿಸಿಕೊಂಡ ಮೇಲೆ, ಲಾಗಿನ್ ಆದರೂ ಮತ್ತೆ ಮತ್ತೆ ಕೀರಿಂಗ್ ಪಾಸ್‌ವರ್ಡ್ ಕೇಳುವುದು ಇದೇ ಕಾರಣಕ್ಕೆ. ಅದು ಕೇಳುತ್ತಿರುವುದು ಹಳೆಯ ಪಾಸ್‌ವರ್ಡನ್ನು. ನೆನಪಾದರೆ ಕೊಡಿ, ಬೀಗ ತೆರೆಯುತ್ತದೆ.

ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರಿಗೆ ಎರಡು ಮಾತು. ಹೆಸರು, ಪಾಸ್‌ವರ್ಡು ಎಲ್ಲವೂ ಒಂದು ಸರ್ವರಿನಲ್ಲಿದ್ದು, ಪ್ರತಿ ಯಂತ್ರವೂ ಅದನ್ನು ಕೇಳಿ ಒಳಗೆ ಬಿಡುವ ಏರ್ಪಾಟಿದ್ದರೆ, ನಡುವೆ ಎಸ್‌ಎಸ್‌ಎಸ್‌ಡಿ ಅನ್ನುವ ಸೇವೆ ಇರುತ್ತದೆ. ಅದೂ ಸರ್ವರನ್ನು ಪ್ರತಿ ಸಲ ಕೇಳುವುದಿಲ್ಲ. ಬಳಕೆದಾರರ ವಿವರವನ್ನು ಒಮ್ಮೆ ತಂದರೆ, ನೀವು ಬದಲಿಸದಿದ್ದರೆ, 5400 ಸೆಕೆಂಡು ಅಂದರೆ ಒಂದೂವರೆ ಗಂಟೆ ಅದನ್ನೇ ನಂಬುತ್ತದೆ. ಬೆಳಿಗ್ಗೆ ವಿದ್ಯಾರ್ಥಿಯನ್ನು ಹೊಸ ಗುಂಪಿಗೆ ಸೇರಿಸಿದಿರಿ, ಮೊದಲ ಪೀರಿಯಡ್ಡಿನಲ್ಲಿ ಯಂತ್ರ ಇನ್ನೂ ಹಳೆಯ ಗುಂಪನ್ನೇ ತೋರಿಸಬಹುದು, ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಕಾಯಲಾಗದಿದ್ದರೆ ಸೂಡೋ, ಜಾಗ, ಎಸ್ ಎಸ್ ಎಸ್, ಅಂಡರ್‌ಸ್ಕೋರ್, ಸಿ ಎ ಸಿ ಎಚ್ ಇ, ಜಾಗ, ಹೈಫನ್, ದೊಡ್ಡ ಇ. ಇಟ್ಟುಕೊಂಡದ್ದೆಲ್ಲ ಹಳತು ಅಂತ ಗುರುತು ಹಾಕಿಕೊಂಡು ಹೊಸದಾಗಿ ಕೇಳುತ್ತದೆ. ನೆಟ್ ಇಲ್ಲದ ದಿನ ಪಾಸ್‌ವರ್ಡನ್ನೂ ನೆನಪಿನಿಂದ ತಾಳೆ ನೋಡುವ ಹಾಗೆ ಹೊಂದಿಸಿದ್ದರೆ ಇನ್ನೊಂದು ವಿಚಿತ್ರ: ನಿನ್ನೆ ಬೇರೆ ಯಂತ್ರದಲ್ಲಿ ಪಾಸ್‌ವರ್ಡ್ ಬದಲಿಸಿದ ಹುಡುಗಿಗೆ ಇವತ್ತು ಈ ಯಂತ್ರದಲ್ಲಿ ಹೊಸದು ನಡೆಯುವುದಿಲ್ಲ, ಹಳೆಯದು ನಡೆಯುತ್ತದೆ. ಅಂಥ ದಿನ ಎಸ್‌ಎಸ್‌ಎಸ್‌ಡಿಯ ಕ್ಯಾಶ್ ಫೈಲುಗಳನ್ನು ಅಳಿಸಲು ಮಾತ್ರ ಹೋಗಬೇಡಿ. ಸರ್ವರ್ ಸಿಗುತ್ತಿಲ್ಲ, ನೆನಪೂ ಹೋಯಿತು ಅಂದರೆ ಇಡೀ ಲ್ಯಾಬಿಗೆ ಯಾರೂ ಒಳಗೆ ಬರುವ ಹಾಗಿಲ್ಲ.

ಹಳೆಯ ಯಂತ್ರಗಳಲ್ಲಿ ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಮೇಲೆ ಸಿಆರ್ 2032 ಅನ್ನುವ ನಾಣ್ಯದಂಥ ಬ್ಯಾಟರಿ ಇದೆ. ಅದು ಸತ್ತರೆ ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಕರ್ಬರೋಸ್ ಅನ್ನುವ ಲಾಗಿನ್ ಪದ್ಧತಿ ಬಳಸುವ ಸರ್ವರು ಗಡಿಯಾರದಲ್ಲಿ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಒಪ್ಪುವುದಿಲ್ಲ. ಹುಣಸೂರಿನ ಯಾವ ವಾಚ್ ಅಂಗಡಿಯಲ್ಲಾದರೂ ಸಿಗುವ ಆ ಬ್ಯಾಟರಿಗೋಸ್ಕರ ಸರ್ವರಿನವರ ಜೊತೆ ಜಗಳವಾಡುವುದು ಬೇಡ.

ಕೊನೆಗೂ ಅಂಗಡಿಗೇ ಒಯ್ಯಬೇಕಾಗಿ ಬಂದರೆ, ಹೋಗುವ ಮುಂಚೆ ಆ ಕಪ್ಪು ಪರದೆಯಿಂದಲೇ ಹೋಮ್ ಫೋಲ್ಡರನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಿ. ಅದು ಕಷ್ಟ ಅನ್ನಿಸಿದರೆ ಲಿನಕ್ಸ್ ಹಾಕಲು ಬಳಸಿದ ಪೆನ್ ಡ್ರೈವಿನಿಂದ ಯಂತ್ರವನ್ನು ಶುರು ಮಾಡಿ. ಅದರಲ್ಲಿ ಇನ್‌ಸ್ಟಾಲ್ ಮಾಡದೆ ಬಳಸಿ ನೋಡುವ ಆಯ್ಕೆಯಿದೆ, ನಿಮ್ಮ ಡಿಸ್ಕನ್ನು ತೆರೆದು ಫೈಲುಗಳನ್ನು ಮೌಸಿನಿಂದಲೇ ಎಳೆದು ತೆಗೆಯಬಹುದು. ಇನ್ನೊಂದು ಸಾಲು ಬರೆದುಕೊಳ್ಳಿ: ಜೆ ಓ ಯು ಆರ್ ಎನ್ ಎ ಎಲ್ ಸಿ ಟಿ ಎಲ್, ಜಾಗ, ಹೈಫನ್ ಬಿ, ಜಾಗ, ಹೈಫನ್ ಪಿ, ಜಾಗ, ಇ ಆರ್ ಆರ್. ಈ ಸಲ ಆನ್ ಆದಾಗಿನಿಂದ ಆದ ದೋಷಗಳ ಪಟ್ಟಿ ಅದು. ಹೊರಬರಲು ಕ್ಯೂ ಒತ್ತಿ. ಲಾಗಿನ್ ವಿಫಲವಾದ ಗಳಿಗೆಯ ಆಸುಪಾಸಿನ ಸಾಲುಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಅಂಗಡಿಯವನಿಗೆ ತೋರಿಸಿ. ಪೆನ್ ಡ್ರೈವ್ ಜೇಬಿನಲ್ಲಿರಲಿ, ಅವನು ಫಾರ್ಮ್ಯಾಟ್ ಅಂದರೆ ಆಮೇಲೆ ನೋಡೋಣ.